ಕತೆ ಬರೆಯುವುದಕ್ಕೂ ಎಂಎ: ತರಗತಿಯಲ್ಲಿ ಕಲಿಸುವುದೇನು, ಕಲಿಸಲಾಗದ್ದೇನು?

ಕತೆ ಬರೆಯುವ ಕಲೆ ಹುಟ್ಟಿನಿಂದಲೇ ಬರಬೇಕು, ಹೇಳಿಕೊಟ್ಟರೆ ಬರುವಂಥದ್ದಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ 2017ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಕಜುವೊ ಇಶಿಗುರೊ ಇದನ್ನೇ ಓದಿ ಸ್ನಾತಕೋತ್ತರ ಪದವಿ ಪಡೆದವರು. ಹಾಗಾದರೆ ಅಂಥ ತರಗತಿಯಲ್ಲಿ ಕಲಿಸುವುದಾದರೂ ಏನನ್ನು?

ಶುರುವಾದದ್ದು ಎಲ್ಲಿ?

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲೇ ರೈಟರ್ಸ್ ವರ್ಕ್‌ಶಾಪ್ ಆರಂಭವಾಯಿತು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಈಸ್ಟ್ ಆಂಗ್ಲಿಯಾ ವಿವಿಯಲ್ಲಿ ಕಾದಂಬರಿಕಾರರಾದ ಮಾಲ್ಕಮ್ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ 1970ರಲ್ಲಿ ಸೃಜನಶೀಲ ಬರವಣಿಗೆಯ ಎಂಎ ಶುರು ಮಾಡಿದರು. ಮೊದಲ ವಿದ್ಯಾರ್ಥಿ ಇಯಾನ್ ಮೆಕ್‌ಯುವನ್.

ಇಶಿಗುರೊ 1979ರಲ್ಲಿ ಅಲ್ಲಿಗೆ ಸೇರಿದಾಗ ಅವರಿಗೆ 24 ವರ್ಷ. ಐದನೇ ವಯಸ್ಸಿಗೇ ಬಿಟ್ಟು ಬಂದಿದ್ದ ಹುಟ್ಟೂರು ನಾಗಸಾಕಿಯ ಬಗ್ಗೆ ಬರೆಯತೊಡಗಿದ್ದು ಆ ವರ್ಷವೇ. ಅದು ತಮಗೇ ಅಚ್ಚರಿ ತಂದಿತ್ತು ಎಂದು ನೊಬೆಲ್ ಉಪನ್ಯಾಸದಲ್ಲಿ ಅವರು ಹೇಳಿಕೊಂಡಿದ್ದಾರೆ. ಅಂದರೆ ಏನು ಬರೆಯಬೇಕು ಎಂಬುದನ್ನು ಕೋರ್ಸ್ ಕಲಿಸುವುದಿಲ್ಲ. ಬರೆದದ್ದು ಓದುಗರನ್ನು ಹೇಗೆ ತಲುಪುತ್ತಿದೆ ಎಂಬುದನ್ನು ತೋರಿಸುತ್ತದೆ.

ತರಗತಿ ಹೇಗಿರುತ್ತದೆ?

ಇಲ್ಲಿ ಉಪನ್ಯಾಸಕ್ಕಿಂತ ಚರ್ಚೆಯೇ ಹೆಚ್ಚು. ವಿದ್ಯಾರ್ಥಿಗಳು ತಮ್ಮ ಕತೆಯ ಪ್ರತಿಯನ್ನು ಮೊದಲೇ ಸಹಪಾಠಿಗಳಿಗೆ ಕೊಡುತ್ತಾರೆ. ಎಲ್ಲರೂ ಓದಿ, ಗುರುತು ಹಾಕಿಕೊಂಡು ಬರುತ್ತಾರೆ. ಚರ್ಚೆ ಮುಗಿಯುವವರೆಗೆ ಕತೆ ಬರೆದವರು ಮಾತನಾಡುವಂತಿಲ್ಲ ಎಂಬುದು ಹಲವು ಕಡೆ ಇರುವ ಹಳೆಯ ನಿಯಮ. ಪುಸ್ತಕ ಅಚ್ಚಾದ ಮೇಲೆ ಓದುಗರ ಪಕ್ಕದಲ್ಲಿ ಕೂತು 'ನಾನು ಹೇಳಹೊರಟಿದ್ದು ಹೀಗಲ್ಲ' ಎಂದು ವಿವರಿಸಲು ಆಗುವುದಿಲ್ಲವಲ್ಲ!

ಒಂದು ಉದಾಹರಣೆ ನೋಡಿ. ಮಗಳಿಗೆ ಅಪ್ಪನ ಮೇಲೆ ಸಿಟ್ಟು. 'ಅವಳಿಗೆ ತುಂಬಾ ಸಿಟ್ಟು ಬಂದಿತ್ತು' ಎಂದು ಬರೆದರೆ ವಿಷಯ ತಿಳಿಯುತ್ತದೆ, ಅಷ್ಟೆ. 'ಅಪ್ಪ ಊಟಕ್ಕೆ ಕೂತಾಗ ತಟ್ಟೆ ಇಟ್ಟಳು, ನೀರು ಇಡದೆ ಒಳಗೆ ಹೋದಳು' ಎಂದು ಬರೆದರೆ ಆ ಸಿಟ್ಟನ್ನು ಓದುಗರೇ ಕಂಡುಕೊಳ್ಳುತ್ತಾರೆ.

ಯಾವ ಓದುಗರು?

ತೊಡಕು ಇರುವುದು ಇಲ್ಲೇ. ಊಟದ ಜತೆ ತಪ್ಪದೆ ನೀರಿಡುವ ಮನೆಯಲ್ಲಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಆ ರೂಢಿ ಗೊತ್ತಿಲ್ಲದ ಸಹಪಾಠಿಗೆ ಇಲ್ಲಿ ಏನೂ ನಡೆದಂತೆ ಕಾಣುವುದಿಲ್ಲ. ಅವರು 'ಇದನ್ನು ಬಿಡಿಸಿ ಹೇಳಬೇಕು' ಎನ್ನುತ್ತಾರೆ. ಬರೆದವರು ಸುಮ್ಮನೆ ಕೇಳಿಸಿಕೊಳ್ಳಬೇಕು.

ಅಮೆರಿಕದ ಲೇಖಕ ಮ್ಯಾಥ್ಯೂ ಸಾಲೆಸಸ್ 2021ರಲ್ಲಿ ಬಂದ 'ಕ್ರಾಫ್ಟ್ ಇನ್ ದಿ ರಿಯಲ್ ವರ್ಲ್ಡ್' ಪುಸ್ತಕದಲ್ಲಿ ಎತ್ತಿರುವುದೂ ಇದೇ ತಕರಾರನ್ನು. ಬರವಣಿಗೆಯ ನಿಯಮಗಳು ಎಲ್ಲ ಕಾಲಕ್ಕೂ ಎಲ್ಲರಿಗೂ ಒಂದೇ ಅಲ್ಲ, ಅವು ಒಂದು ಸಮಾಜದ ಓದುಗರ ನಿರೀಕ್ಷೆಯಿಂದ ಹುಟ್ಟಿದವು ಎನ್ನುವುದು ಅವರ ವಾದ.

ಬರ್ಮಿಂಗ್‌ಹ್ಯಾಮ್‌ನ ಕನ್ನಡ ಕಾದಂಬರಿ

ನಾರ್ವಿಚ್‌ನ ಕೋರ್ಸ್ ಕಟ್ಟುವ ಮೊದಲೇ ಬ್ರಾಡ್‌ಬರಿ ಅವರಿಗೆ ಕನ್ನಡದ ವಿದ್ಯಾರ್ಥಿಯೊಬ್ಬರಿದ್ದರು. ಅವರು, 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ವಿವಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಯು.ಆರ್. ಅನಂತಮೂರ್ತಿ. ಇಬ್ಬರೂ ಒಟ್ಟಿಗೆ ಇಂಗ್ಮರ್ ಬರ್ಗ್‌ಮನ್ ಅವರ 'ದಿ ಸೆವೆಂತ್ ಸೀಲ್' ಸಿನಿಮಾ ನೋಡಿದರು. ಬಳಿಕ ನಡೆದ ಮಾತುಕತೆಯೇ 'ಸಂಸ್ಕಾರ'ಕ್ಕೆ ಪ್ರೇರಣೆಯಾಯಿತು ಎಂದು ಅನಂತಮೂರ್ತಿ ನೆನಪಿಸಿಕೊಂಡಿದ್ದಾರೆ.

ಮಾತುಕತೆ ನಡೆದದ್ದು ಇಂಗ್ಲಿಷಿನಲ್ಲಿ. ಬರೆದದ್ದು ಮಾತ್ರ ಕನ್ನಡದಲ್ಲಿ, ಕನ್ನಡದ ಓದುಗರಿಗಾಗಿ. ಒಂದು ಶವಸಂಸ್ಕಾರದ ಪ್ರಶ್ನೆ ಇಡೀ ಅಗ್ರಹಾರವನ್ನು ಏಕೆ ಅಲ್ಲಾಡಿಸುತ್ತದೆ ಎಂದು ಹೊರಗಿನವರಿಗೆ ತಿಳಿಸುವ ಟಿಪ್ಪಣಿಗಳು ಬಂದದ್ದು 1976ರಲ್ಲಿ, ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದ ಜತೆಗೆ.

ನೀವೂ ಪ್ರಯತ್ನಿಸಬಹುದು

ಪುಣೆಯಲ್ಲೋ ದೆಹಲಿಯಲ್ಲೋ ಇದ್ದು ಕನ್ನಡದಲ್ಲಿ ಕತೆ ಬರೆಯುವವರಿಗೆ ಈ ಪದ್ಧತಿ ಉಪಯೋಗಕ್ಕೆ ಬರಲು ಪದವಿಯೇ ಬೇಕೆಂದಿಲ್ಲ. ನಾಲ್ಕು ಜನ ಸೇರಿ, ತಿಂಗಳಿಗೊಂದು ಕತೆ ಓದಿದರೆ ಸಾಕು. 'ಚೆನ್ನಾಗಿದೆಯೇ?' ಎಂದು ಕೇಳುವ ಬದಲು 'ಎಲ್ಲಿ ತಡವರಿಸಿದಿರಿ?' ಎಂದು ಕೇಳಿ. ಉತ್ತರ ಕೇಳುವಾಗ ವಾದಕ್ಕಿಳಿಯಬೇಡಿ.

ಆದರೆ ತಿದ್ದುವ ಮುನ್ನ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ತಡವರಿಸಿದವರಿಗಾಗಿಯೇ ನಾನು ಈ ಕತೆ ಬರೆದದ್ದೇ? ಹೌದಾದರೆ ತಿದ್ದಿ. ಅಲ್ಲವಾದರೆ ಆ ಸಾಲನ್ನು ಹಾಗೆಯೇ ಬಿಡಿ.