ಎಂಜಿನಿಯರಾಗುವುದು ಯಾವಾಗ?

2010ನೆಯ ಇಸವಿಯ ಜುಲೈ 12ರಂದು ಶ್ರೀಹರಿಕೋಟೆಯಿಂದ ಮೇಲೇರಿದ ಪಿ.ಎಸ್.ಎಲ್.ವಿ. ರಾಕೆಟ್ಟು ಕಾರ್ಟೊಸ್ಯಾಟ್-2ಬಿ ಎಂಬ ದೊಡ್ಡ ಉಪಗ್ರಹದೊಡನೆ ಒಂದು ಪುಟ್ಟ ಪೆಟ್ಟಿಗೆಯನ್ನೂ ಹೊತ್ತೊಯ್ದಿತು. ಅದರ ಹೆಸರು ಸ್ಟುಡ್‌ಸ್ಯಾಟ್. ತೂಕ ಒಂದು ಕಿಲೋಗ್ರಾಮಿಗೂ ಕಡಮೆ. ಅದನ್ನು ಕಟ್ಟಿದವರು ಬೆಂಗಳೂರು ಮತ್ತು ಹೈದರಾಬಾದುಗಳ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಎಂಜಿನಿಯರೆಂಬ ಹೆಸರು ಪದವಿಪತ್ರದಿಂದಲೇ ಬರುವುದಾದರೆ, ಈ ಕೆಲಸವನ್ನು ಮಾಡುತ್ತಿದ್ದಾಗ ಅವರು ಏನಾಗಿದ್ದರು?

ತರಗತಿಯಲ್ಲಿ ನಾವು ಕೊಡುವ ಲೆಕ್ಕಗಳನ್ನು ನೋಡಿ. ಬೇಕಾದ ಅಂಕಿಗಳೆಲ್ಲ ಪ್ರಶ್ನೆಯಲ್ಲೇ ಇರುತ್ತವೆ. ಉತ್ತರ ಪುಸ್ತಕದ ಕೊನೆಯಲ್ಲಿರುತ್ತದೆ. ಲೋಲಕದ ಪ್ರಯೋಗದಲ್ಲಂತೂ 9.8 ಬರಬೇಕೆಂದು ಮೊದಲೇ ಬಲ್ಲ ವಿದ್ಯಾರ್ಥಿಯು ಉತ್ತರದಿಂದ ಹಿಂದಕ್ಕೆ ನಡೆದು ರೆಕಾರ್ಡು ಪುಸ್ತಕವನ್ನು ತುಂಬಿಬಿಡುವುದುಂಟು. (ಇದು ಅಧ್ಯಾಪಕರಿಗೆ ತಿಳಿಯದ ಗುಟ್ಟೇನಲ್ಲ!)

ಉಪಗ್ರಹದ ವಿಷಯ ಹಾಗಲ್ಲ. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಒಂದು ಮುಖವನ್ನು ಊಹಿಸಿಕೊಳ್ಳಿ. ಭೂಮಿಯ ಬಳಿ ಒಂದು ಚದರ ಮೀಟರಿನ ಮೇಲೆ ಬೀಳುವ ಸೂರ್ಯಶಕ್ತಿ ಸುಮಾರು 1360 ವಾಟ್. ಆ ಮುಖಕ್ಕೆ ದೊರೆಯುವುದು ಅದರ ನೂರರಲ್ಲೊಂದು ಪಾಲು, ಅಂದರೆ 13.6 ವಾಟ್. ಉತ್ತಮವಾದ ಸೌರಕೋಶವೂ ಇದರಲ್ಲಿ ನೂರಕ್ಕೆ ಮೂವತ್ತರಷ್ಟನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸಬಲ್ಲುದು. ಉಳಿಯಿತು ನಾಲ್ಕು ವಾಟ್! ಅದೂ ಬಿಸಿಲು ನೇರವಾಗಿ ಬಿದ್ದಾಗ. ಆರುನೂರು ಕಿಲೋಮೀಟರಿಗಿಂತ ತುಸು ಎತ್ತರದಲ್ಲಿ ಸುಮಾರು 97 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವ ಇಂಥ ಉಪಗ್ರಹವು ಸಾಮಾನ್ಯವಾಗಿ ಮೂರರಲ್ಲೊಂದು ಪಾಲು ಹೊತ್ತು ಭೂಮಿಯ ನೆರಳಿನಲ್ಲಿಯೇ ಇರುತ್ತದೆ.

ಈ ಅಲ್ಪ ಶಕ್ತಿಯನ್ನು ಕ್ಯಾಮೆರಾ, ಬಾನುಲಿ ಪ್ರೇಷಕ, ಗಣಕಗಳು ಹಂಚಿಕೊಳ್ಳಬೇಕು. ಕ್ಯಾಮೆರಾ ತಂಡದವರು ಅರ್ಧ ವಾಟ್ ಹೆಚ್ಚಿಗೆ ಬೇಡಿದರೆ ಬ್ಯಾಟರಿಯ ತಂಡದವರು ಒಪ್ಪಲಾರರು. ಬ್ಯಾಟರಿ ದೊಡ್ಡದಾದರೆ ತೂಕದ ಹೊಣೆ ಹೊತ್ತವರು ತಡೆಯುವರು. ಸರಿಯಾದ ಉತ್ತರವು ಯಾವ ಪುಸ್ತಕದಲ್ಲಿಯೂ ಇಲ್ಲ. ಯಾರೋ ಒಬ್ಬರು ಒಂದು ಅಂಕಿಯನ್ನು ಬರೆದು, ಇದಕ್ಕೆ ನಾನು ಜವಾಬ್ದಾರ ಎನ್ನಬೇಕು. ರಾಕೆಟ್ಟು ಹಾರಿದ ಮೇಲೆ ಹೋಗಿ ರಿಪೇರಿ ಮಾಡುವಂತಿಲ್ಲ. ಉಳಿದವರು ಆ ಅಂಕಿಯನ್ನು ನಂಬಿ ತಮ್ಮ ಭಾಗವನ್ನು ಕಟ್ಟತೊಡಗಿದಾಗ ಆ ತರುಣನಲ್ಲಿ ಅಥವಾ ತರುಣಿಯಲ್ಲಿ ವೃತ್ತಿಪ್ರಜ್ಞೆಯು ಮೊಳೆಯುತ್ತದೆಂದು ನನ್ನ ಅಭಿಪ್ರಾಯ. ಅಂಕಗಳಿಂದ ಬರುವ ಧೈರ್ಯಕ್ಕೂ ಇದಕ್ಕೂ ಬಹಳ ಅಂತರವಿದೆ.

ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾನಿಲಯವು 1974ರಲ್ಲಿ ಆರಂಭವಾದಂದಿನಿಂದ ಗುಂಪುಗೂಡಿ ಮಾಡುವ ಪ್ರಾಜೆಕ್ಟನ್ನೇ ಶಿಕ್ಷಣದ ನಡುಗಂಬವಾಗಿ ಇರಿಸಿಕೊಂಡಿದೆ. ನಮ್ಮಲ್ಲಿಯೂ ಬೆಂಗಳೂರಿನ ಪಿ.ಇ.ಎಸ್. ವಿಶ್ವವಿದ್ಯಾನಿಲಯದ ಪೈಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಹಾರಿತು.

ಎಲ್ಲರಿಗೂ ಉಪಗ್ರಹ ದೊರೆಯದು, ದೊರೆಯಬೇಕಾಗಿಯೂ ಇಲ್ಲ. ಊರಿನ ಒಂದು ನೀರೆತ್ತುವ ಪಂಪೂ ಸಾಕು. ಆದರೆ ಕೊನೆಯ ವರ್ಷದ ಪ್ರಾಜೆಕ್ಟನ್ನು ವರದಿಸಮೇತ ಸಿದ್ಧವಾಗಿ ಮಾರುವ ಅಂಗಡಿಗಳೂ ನಮ್ಮ ನಗರಗಳಲ್ಲಿವೆ. ಅಲ್ಲಿ ಕೊಂಡು ತಂದ ಯಂತ್ರವು ಚೆನ್ನಾಗಿಯೇ ಓಡಬಹುದು. ಆದುದರಿಂದ ಯಂತ್ರ ಓಡುವುದೇ ಎಂದಷ್ಟೇ ಪರೀಕ್ಷಕರು ನೋಡಿದರೆ ಸಾಲದು. ಮೊದಲು ಯಾವ ಅಂಕಿಯನ್ನು ಇಟ್ಟುಕೊಂಡಿದ್ದಿರಿ, ಅದನ್ನು ಏಕೆ ಬದಲಿಸಿದಿರಿ, ಜೊತೆಯವರಲ್ಲಿ ಯಾರು ಆಕ್ಷೇಪಿಸಿದರು ಎಂದು ಕೇಳಬೇಕು. ಈ ಮೂರು ಪ್ರಶ್ನೆಗಳಿಗೆ ಹತ್ತು ನಿಮಿಷ ಸಾಕು.