ಅಗಸಿ ಎಣ್ಣೆಯ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದೇಕೆ?

ಮನೆಯ ಬಡಗಿ ಕೆಲಸದ ಕೋಣೆ ಗುಡಿಸಿ, ಅಗಸಿ ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಗೆ ಒಟ್ಟಿದರೆ ಬೆಂಕಿ ಏಳುತ್ತದಂತೆ. ಕಿಡಿಯೇ ಇಲ್ಲದೆ ಹೇಗೆ? — ಓದುಗರು, ಜೇವರ್ಗಿ

ಏಳುತ್ತದೆ, ನಿಜ. ಆಳಂದ, ಅಫಜಲಪುರದ ಊಟದಲ್ಲಿ ಹಿಂಡಿಯಾಗುವ ಅದೇ ಅಗಸಿಯ ಎಣ್ಣೆಯನ್ನು ಹೊಳಪಿಗಾಗಿ ಮರಕ್ಕೂ ಬಳಿಯುತ್ತಾರೆ. ಅದು ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆಗ ಶಾಖ ಹುಟ್ಟುತ್ತದೆ.

ಹಲಗೆಯ ಮೇಲಾದರೆ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಮುದ್ದೆ ಮಾಡಿದ ಬಟ್ಟೆಯಲ್ಲಿ ಹಾಗಲ್ಲ: ಹಸಿ ಮೇವಿನ ಬಣವೆಯಲ್ಲಿ ಆಗುವಂತೆ ಬಿಸಿ ಒಳಗೇ ಕೂಡುತ್ತದೆ. ಬಿಸಿ ಏರಿದಷ್ಟೂ ಎಣ್ಣೆ ಆಮ್ಲಜನಕವನ್ನು ಇನ್ನೂ ಬೇಗ ಹಿಡಿಯುತ್ತದೆ. ಕೆಲವೇ ಗಂಟೆಗಳಲ್ಲಿ ಹೊಗೆ, ಆಮೇಲೆ ಉರಿ.

1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದ ಬಹುಮಹಡಿ ಕಟ್ಟಡವೊಂದಕ್ಕೆ ಇಂಥವೇ ಬಟ್ಟೆಗಳಿಂದ ಬೆಂಕಿ ಬಿದ್ದು, ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು.

ಬಟ್ಟೆಗಳನ್ನು ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಿ. ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಹಾಕಿಡಿ.