ನಕಾಶೆಯ ಕೆಂಪು, ಖಾನಾಪುರದ ಮಳೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರ್. ಆರ್ಕ್ಟಿಕ್ ಕಡಲ ಮಂಜುಗಡ್ಡೆಯನ್ನು ತೋರಿಸುವ ಉಪಗ್ರಹ ನಕಾಶೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಚೌಕದ ಒಂದು ಬದಿಯೂ ಹೆಚ್ಚುಕಡಿಮೆ ಅಷ್ಟೇ. ಅಂಥ ನಕಾಶೆಯಲ್ಲಿ ಎರಡೂ ಊರು, ನಡುವಿನ ಹೊಲಗದ್ದೆ ಎಲ್ಲ ಸೇರಿ ಒಂದೇ ಬಣ್ಣದ ಚುಕ್ಕೆ! ಆ ಚೌಕದಲ್ಲಿ ನೂರಕ್ಕೆ 15 ಪಾಲು ಮಂಜುಗಡ್ಡೆ ಇದ್ದರೂ ಸಾಕು, ವಿಸ್ತಾರದ ಲೆಕ್ಕಕ್ಕೆ ಇಡೀ ಚೌಕ ಸೇರುತ್ತದೆ. ಗಡ್ಡೆ ಎಷ್ಟು ದಪ್ಪ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ.

ಈ ದಾಖಲೆ 1978ರ ಕೊನೆಯಿಂದ ನಡೆದುಬಂದಿದೆ. ಮಂಜುಗಡ್ಡೆ ಮಾರ್ಚ್‌ನಲ್ಲಿ ಅತಿ ಹೆಚ್ಚು, ಸೆಪ್ಟೆಂಬರ್‌ನಲ್ಲಿ ಅತಿ ಕಡಿಮೆ. ಆದ್ದರಿಂದ ಸೆಪ್ಟೆಂಬರನ್ನು ಸೆಪ್ಟೆಂಬರಿನ ಜೊತೆಗೇ ಹೋಲಿಸಬೇಕು. 2012ರ ಸೆಪ್ಟೆಂಬರ್‌ನಲ್ಲಿ ವಿಸ್ತಾರ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿಯಿತು. ಭಾರತದ ವಿಸ್ತೀರ್ಣಕ್ಕಿಂತ ತುಸುವೇ ಹೆಚ್ಚು. ಮರುವರ್ಷ ಕನಿಷ್ಠ ಮಟ್ಟವೇ 50 ಲಕ್ಷ ದಾಟಿತ್ತು. ಹಾಗೆಂದು ಕರಗುವಿಕೆ ನಿಂತಿರಲಿಲ್ಲ. ಸೆಪ್ಟೆಂಬರಿನ ವಿಸ್ತಾರ ದಶಕಕ್ಕೆ ಸುಮಾರು ಶೇ. 12ರಂತೆ ಕುಗ್ಗುತ್ತಿರುವುದು ಹಲವು ವರ್ಷಗಳನ್ನು ಒಟ್ಟಿಗಿಟ್ಟು ನೋಡಿದಾಗಲೇ ಕಾಣುವುದು.

ಕಡಲ ಮೇಲ್ಮೈ ಉಷ್ಣಾಂಶದ ನಕಾಶೆಯಲ್ಲಿ ಬಣ್ಣವೇ ದಾರಿ ತಪ್ಪಿಸಬಹುದು. ಕೆಲವು ನಕಾಶೆಗಳು ನೀರಿನ ಉಷ್ಣಾಂಶವನ್ನು ನೇರವಾಗಿ ತೋರಿಸುತ್ತವೆ; ಹಲವು ತೋರಿಸುವುದು ಆ ಕಾಲದ ಸರಾಸರಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನು. ಎರಡನೆಯ ಬಗೆಯದರಲ್ಲಿ ಧ್ರುವದ ಬಳಿಯ ಕೊರೆಯುವ ನೀರು ಕೆಂಪಾಗಿ, 28 ಡಿಗ್ರಿಯ ಅರಬ್ಬಿ ಸಮುದ್ರ ನೀಲಿಯಾಗಿ ಕಾಣಬಹುದು. ಸರಾಸರಿ ಯಾವ ವರ್ಷಗಳದ್ದು ಎಂಬುದೂ ಮುಖ್ಯ: 1981–2010ರ ಬದಲು 1991–2020 ಹಿಡಿದರೆ ಕೆಂಪು ಬಹುತೇಕ ಕಡೆ ತಿಳಿಯಾಗುತ್ತದೆ. ನೀರು ತಣ್ಣಗಾಗಿರುವುದಿಲ್ಲ, ಅಳತೆಗೋಲು ಬದಲಾಗಿರುತ್ತದೆ.

ಮಳೆಗಾಲದಲ್ಲಿ ಇನ್ನೊಂದು ತೊಡಕು. ಅವಕೆಂಪು ಕಿರಣದ ಉಪಕರಣಕ್ಕೆ ಮೋಡದಾಚೆ ಕಾಣದು. ಮೈಕ್ರೋವೇವ್ ಉಪಕರಣ ಮೋಡದ ಮೂಲಕ ನೋಡುತ್ತದೆ, ಆದರೆ ಕರಾವಳಿಯ ಅಂಚಿನಲ್ಲಿ ನೆಲ ಅಡ್ಡಿಯಾಗುತ್ತದೆ. ಜುಲೈನ ಕಾರವಾರದ ಕಡಲ ಬಣ್ಣದಲ್ಲಿ ಅಳತೆಯ ಜೊತೆ ಅಂದಾಜೂ ಬೆರೆತಿರಬಹುದು.

ಈ ಬಣ್ಣಗಳಿಂದ ಬೆಳಗಾವಿಯ ಮಳೆ ಹೇಳಬಹುದೇ? ಪೆಸಿಫಿಕ್‌ನಲ್ಲಿ ಎಲ್ ನಿನೊ (ಸಮಭಾಜಕದ ಬಳಿಯ ನೀರು ವಾಡಿಕೆಗಿಂತ ಬಿಸಿಯಾಗುವ ಸ್ಥಿತಿ) ಇದ್ದ 2023ರ ಆಗಸ್ಟ್, ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು; ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. 1997ರಲ್ಲಿ ಇನ್ನೂ ಬಲವಾದ ಎಲ್ ನಿನೊ ಇತ್ತು, ಆದರೂ ದೇಶದ ಮಳೆ ವಾಡಿಕೆಯ ಆಸುಪಾಸಿನಲ್ಲೇ ಉಳಿಯಿತು. ಹಿಂದೂ ಮಹಾಸಾಗರದ ಪಶ್ಚಿಮ ಬಿಸಿಯಾಗಿ, ಸುಮಾತ್ರಾ ಕಡೆಯ ಪೂರ್ವ ತಣ್ಣಗಾದದ್ದು ಅದಕ್ಕೆ ಒಂದು ಕಾರಣ. 2019ರಲ್ಲೂ ಅದೇ ಚಿತ್ರವಿತ್ತು. ಆ ಜೂನ್ ಒಣಗಿತ್ತು. ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ ಜಿಲ್ಲೆ ನೆರೆಗೆ ಸಿಕ್ಕಿತು.

ಧ್ರುವದ ನಂಟನ್ನು ಹುಡುಕುವ ಕೆಲಸ ಚೋರ್ಲಾ ಘಟ್ಟ ಇಳಿದರೆ ಸಿಗುವ ಗೋವಾದಲ್ಲೇ ನಡೆದಿದೆ. ವಾಸ್ಕೋದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವೇ ಆರ್ಕ್ಟಿಕ್‌ನ ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ‘ಹಿಮಾದ್ರಿ’ ನೆಲೆಯನ್ನು ನಡೆಸುತ್ತಿದೆ. ಆ ಕೇಂದ್ರದ ವಿಜ್ಞಾನಿಗಳು ಪಾಲ್ಗೊಂಡು 2021ರಲ್ಲಿ ಪ್ರಕಟವಾದ ಅಧ್ಯಯನ, ಬೇಸಿಗೆಯಲ್ಲಿ ಕಾರಾ ಸಮುದ್ರದ ಮಂಜುಗಡ್ಡೆ ಕಡಿಮೆಯಾಗುವುದಕ್ಕೂ ಮಧ್ಯ ಭಾರತದ ಸೆಪ್ಟೆಂಬರಿನ ಅತಿಮಳೆಗೂ ಸಂಬಂಧವಿರಬಹುದು ಎಂದಿತು. ಅದು ಮಧ್ಯ ಭಾರತದ ಮಾತು. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮೋಡವನ್ನು ಘಟ್ಟ ಮೇಲೆತ್ತಿ ಸುರಿಸುತ್ತದೆ. ಅದೇ ಹೊಳೆಗೆ ಅಣೆಕಟ್ಟು ಕಟ್ಟಿರುವ ಸವದತ್ತಿ ಮಳೆಯ ನೆರಳಿನಲ್ಲಿದೆ. ಕಡಲ ನಕಾಶೆಯಿಂದ ಒಟ್ಟು ಹಂಗಾಮಿನ ಒಲವು ತಿಳಿದೀತು. ನಾಳೆ ಜಾಂಬೋಟಿಯಲ್ಲಿ ನಾಟಿಗೆ ಇಳಿಯುವವರು ನೋಡಬೇಕಾದದ್ದು ಹವಾಮಾನ ಇಲಾಖೆಯ ಆ ದಿನದ ಮುನ್ಸೂಚನೆಯನ್ನು.